ಇಲಿಗೆ ಬಾರದ ವಾಂತಿ

ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ನುಂಗಿದ್ದು ಎಷ್ಟೇ ಕೆಟ್ಟದ್ದಾಗಿರಲಿ, ಅದನ್ನು ಬಾಯಿಂದ ಹೊರಹಾಕುವ ಏರ್ಪಾಡು ಅದರ ಮೈಯಲ್ಲಿಲ್ಲ. ಇಲಿಪಾಷಾಣ ಚೆನ್ನಾಗಿ ಕೆಲಸ ಮಾಡುವುದಕ್ಕೆ ಇದೂ ಒಂದು ಕಾರಣ. ಅಟ್ಟದ ಮೇಲೆ ಇಲಿಕಾಟ ಇರುವವರಿಗೆ ಅನುಕೂಲವೇ ಆಯಿತು. ಆದರೆ ವಾಂತಿಗೆ ಮದ್ದು ಹುಡುಕಲು ಹೊರಟವರಿಗೆ ಇದು ದೊಡ್ಡ ತೊಡಕು. ಹೊಸ ಔಷಧಿ ಯಾವುದೇ ಇರಲಿ, ಮೊದಲು ಇಲಿಗೆ ಕೊಟ್ಟು ನೋಡುವುದು ಪ್ರಯೋಗಾಲಯದ ರೂಢಿ. ವಾಂತಿಯನ್ನೇ ಮಾಡದ ಪ್ರಾಣಿಯಲ್ಲಿ ವಾಂತಿ ನಿಂತಿತೋ ಇಲ್ಲವೋ ಎಂದು ನೋಡುವುದು ಹೇಗೆ?

ಈಗ ಕ್ಯಾನ್ಸರಿಗೆ ಔಷಧಿ ಕೊಡುವ ಕಿಮೋ ವಾರ್ಡಿನಲ್ಲಿ ಮುಖ್ಯ ಔಷಧಿಯ ಡ್ರಿಪ್ ಹಾಕುವ ಅರ್ಧ ಗಂಟೆ ಮೊದಲೇ ನರ್ಸ್ ವಾಂತಿ ತಡೆಯುವ ಒಂದು ಇಂಜೆಕ್ಷನ್ ಕೊಡುತ್ತಾರೆ. ಆಂಡಾನ್ಸೆಟ್ರಾನ್ ಇರಬಹುದು, ಇಲ್ಲವೇ ಅದರ ದಾಯಾದಿಗಳಾದ ಗ್ರಾನಿಸೆಟ್ರಾನ್, ಪಾಲೊನೊಸೆಟ್ರಾನ್ ಇರಬಹುದು. ಆಂಡಾನ್ಸೆಟ್ರಾನ್ ಎಂದರೆ ಗುರುತು ಹತ್ತದವರಿಗೂ ಎಮೆಸೆಟ್ ಎಂದರೆ ತಟ್ಟನೆ ಗೊತ್ತಾಗುತ್ತದೆ. ನಾಲಿಗೆಯ ಮೇಲಿಟ್ಟರೆ ಕರಗುವ ಗುಳಿಗೆ, ಮಕ್ಕಳಿಗಾದರೆ ಸಿರಪ್ಪು. ಮನೆಯ ಔಷಧಿ ಡಬ್ಬದಲ್ಲಿ ಕ್ರೋಸಿನ್ ಪಕ್ಕದಲ್ಲೇ ಬಿದ್ದಿರುವ ಈ ಗುಳಿಗೆಯ ಹಿಂದೆ ಒಂದು ಕತೆ ಇರಬಹುದೆಂದು ಯಾರಿಗೂ ಅನ್ನಿಸುವುದಿಲ್ಲ. ಇದೆ. ಅದು ಶುರುವಾಗುವುದು ಪ್ಲಾಟಿನಮ್ ಲೋಹದಿಂದ.

ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾ ಇದ್ದ ದ್ರವದಲ್ಲಿ ವಿದ್ಯುತ್ ಹಾಯಿಸಿ, ಜೀವಕೋಶಗಳು ಒಡೆದು ಎರಡಾಗುವುದರ ಮೇಲೆ ಅದರ ಪರಿಣಾಮ ಏನೆಂದು ನೋಡುತ್ತಿದ್ದರು. ಬ್ಯಾಕ್ಟೀರಿಯಾಗಳು ಎರಡಾಗುವುದನ್ನು ನಿಲ್ಲಿಸಿ, ದಾರದಂತೆ ಉದ್ದುದ್ದ ಬೆಳೆಯತೊಡಗಿದವು. ಕಾರಣ ವಿದ್ಯುತ್ ಅಲ್ಲ, ಅದನ್ನು ಹಾಯಿಸಲು ಅದ್ದಿದ್ದ ಪ್ಲಾಟಿನಮ್ ಕಡ್ಡಿಗಳಿಂದ ಕರಗಿ ದ್ರವಕ್ಕೆ ಸೇರಿದ ಒಂದು ಸಂಯುಕ್ತ ಎಂದು ಆಮೇಲೆ ತಿಳಿಯಿತು. 1965ರಲ್ಲಿ ಇದು ಪ್ರಕಟವಾಯಿತು. ಹೀಗೆ ಸಿಕ್ಕಿದ ಸಿಸ್‌ಪ್ಲಾಟಿನ್‌ಗೆ 1978ರಲ್ಲಿ ಅಮೆರಿಕದ ಔಷಧ ಇಲಾಖೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ವೃಷಣದ ಕ್ಯಾನ್ಸರ್ ಮೈತುಂಬ ಹರಡಿದ್ದ ಹುಡುಗರು ಈ ಔಷಧಿಯಿಂದ ಪೂರ್ತಿ ಗುಣವಾಗಿ ಮನೆಗೆ ಹೋಗತೊಡಗಿದರು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅಂಥದ್ದು ಆವರೆಗೆ ಅಪರೂಪ.

ಆದರೆ ಅದರ ಬೆಲೆ ಭಾರಿ. ವಾಂತಿ ತಡೆಯುವ ಮದ್ದಿಲ್ಲದೆ ಸಿಸ್‌ಪ್ಲಾಟಿನ್ ಕೊಟ್ಟರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಿಗೆ ವಾಂತಿಯಾಗುತ್ತದೆ. ಒಂದೆರಡು ಸಲವಲ್ಲ, ಹತ್ತು ಹನ್ನೆರಡು ಸಲ. ಹೊಟ್ಟೆಯಲ್ಲಿ ಏನೂ ಉಳಿದಿಲ್ಲದಿದ್ದರೂ ಕರುಳು ಕಿತ್ತು ಬರುವಂತೆ ಓಕರಿಕೆ. ಮೂತ್ರಪಿಂಡಕ್ಕೆ ಆಗುತ್ತಿದ್ದ ಹಾನಿಯನ್ನು ಹೇರಳವಾಗಿ ಸಲೈನ್ ಹಾಯಿಸಿ ತಗ್ಗಿಸಲು ವೈದ್ಯರು ಕಲಿತಿದ್ದರು. ವಾಂತಿಗೆ ಮಾತ್ರ ದಾರಿ ಇರಲಿಲ್ಲ. ಎರಡು ಮೂರು ಸುತ್ತು ಆಗುವಷ್ಟರಲ್ಲಿ ಆಸ್ಪತ್ರೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಸೂಜಿ ಚುಚ್ಚುವ ಮೊದಲೇ ಕೆಲವರಿಗೆ ಹೊಟ್ಟೆ ತೊಳಸುತ್ತಿತ್ತು. ಇನ್ನು ಬೇಡ, ಸತ್ತರೂ ಸರಿ ಎಂದು ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟವರು ಇದ್ದರು. ಗುಣವಾಗುವ ಕಾಯಿಲೆಯಿಂದ, ವಾಂತಿಯ ಹೆದರಿಕೆಗೆ ಜನ ಸಾಯುತ್ತಿದ್ದ ಕಾಲ ಅದು.

ವಾಂತಿ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಆಗ ಒಂದು ಸಿದ್ಧ ಉತ್ತರವಿತ್ತು. ಹರ್ಬರ್ಟ್ ಬೋರಿಸನ್ ಮತ್ತು ಎಸ್. ಸಿ. ವಾಂಗ್ ಎಂಬಿಬ್ಬರು 1950ರ ಆಸುಪಾಸಿನಲ್ಲಿ ಮಿದುಳಿನ ಬುಡದಲ್ಲಿ ಒಂದು ಸಣ್ಣ ಜಾಗವನ್ನು ಗುರುತಿಸಿದ್ದರು. ರಕ್ತದಲ್ಲಿನ ವಿಷ ಮಿದುಳಿಗೆ ನುಗ್ಗದಂತೆ ತಡೆಯುವ ಕಾವಲು ಆ ಜಾಗದಲ್ಲಿ ಸಡಿಲ. ರಕ್ತದಲ್ಲಿ ವಿಷ ಸೇರಿದರೆ ಅದನ್ನು ಗ್ರಹಿಸಿ ವಾಂತಿಗೆ ಆಜ್ಞೆ ಕೊಡುವುದು ಅದರ ಕೆಲಸ. ಅಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಓಡಾಟ ಜಾಸ್ತಿ. ಹಾಗಾಗಿ ಡೋಪಮಿನ್ ಅನ್ನು ತಡೆಯುವ ಔಷಧಿಗಳೇ ವಾಂತಿಯ ಮದ್ದುಗಳಾದವು. ನಮ್ಮಲ್ಲಿ ಸ್ಟೆಮೆಟಿಲ್ ಎಂಬ ಹೆಸರಲ್ಲಿ ಸಿಗುವ ಪ್ರೊಕ್ಲೋರ್‌ಪೆರಜಿನ್ ಅಂಥದ್ದು, ಪೆರಿನಾರ್ಮ್ ಎಂಬ ಹೆಸರಲ್ಲಿ ಸಿಗುವ ಮೆಟೊಕ್ಲೊಪ್ರಮೈಡ್ ಕೂಡ ಅಂಥದ್ದೇ. ಎರಡನೆಯದನ್ನು 1964ರಲ್ಲಿ ಫ್ರಾನ್ಸಿನ ಜಸ್ಟಿನ್-ಬೆಸಾನ್ಸೋ ಮತ್ತು ಲಾವಿಲ್ ಲೋಕಕ್ಕೆ ಪರಿಚಯಿಸಿದ್ದರು. ಸಾಮಾನ್ಯ ವಾಂತಿಗೆ ಇವು ಸಾಕು. ಸಿಸ್‌ಪ್ಲಾಟಿನ್ ಮುಂದೆ ಇವುಗಳ ಆಟ ನಡೆಯುತ್ತಿರಲಿಲ್ಲ.

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ರಿಚರ್ಡ್ ಗ್ರಾಲಾ ಮತ್ತು ಅವರ ಸಂಗಡಿಗರು ಇಲ್ಲೊಂದು ಧೈರ್ಯ ಮಾಡಿದರು. ಮೆಟೊಕ್ಲೊಪ್ರಮೈಡ್‌ನ ವಾಡಿಕೆಯ ಡೋಸ್ 10 ಮಿಲಿಗ್ರಾಂ. ಅವರು ದೇಹತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂನಂತೆ, ಅದೂ ದಿನಕ್ಕೆ ಹಲವು ಸಲ, ರಕ್ತನಾಳಕ್ಕೆ ಕೊಟ್ಟರು. ಅರವತ್ತು ಕಿಲೋ ತೂಕದವರಿಗೆ ಒಂದು ಸಲಕ್ಕೆ 120 ಮಿಲಿಗ್ರಾಂ, ಅಂದರೆ ಹನ್ನೆರಡು ಗುಳಿಗೆಯಷ್ಟು! 1981ರಲ್ಲಿ ಪ್ರಕಟವಾದ ಅವರ ಫಲಿತಾಂಶ ನೋಡಿ ಕ್ಯಾನ್ಸರ್ ವೈದ್ಯರು ಕಣ್ಣರಳಿಸಿದರು. ಮದ್ದಿಲ್ಲದ ಪೊಳ್ಳು ಇಂಜೆಕ್ಷನ್ ಪಡೆದವರಿಗೆ ಹತ್ತರ ಮೇಲೆ ವಾಂತಿಯಾಗಿದ್ದರೆ, ಈ ದೊಡ್ಡ ಡೋಸ್ ಪಡೆದವರಿಗೆ ಸುಮಾರಾಗಿ ಒಂದೇ ಒಂದು.

ಗೆಲುವು ಹೌದು, ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಡೋಪಮಿನ್ ಬಾಗಿಲನ್ನು ಮುಚ್ಚಲು 10 ಮಿಲಿಗ್ರಾಂ ಸಾಕಾಗುತ್ತದೆ. ಮುಚ್ಚಿದ ಬಾಗಿಲನ್ನು ಹನ್ನೆರಡು ಪಟ್ಟು ಬಲ ಹಾಕಿ ಮುಚ್ಚಿದರೆ ಹೆಚ್ಚೇನು ಸಿಕ್ಕೀತು? ಡೋಪಮಿನ್ ತಡೆಯುವುದರಲ್ಲಿ ಮೆಟೊಕ್ಲೊಪ್ರಮೈಡ್‌ಗೇನೂ ಕಡಿಮೆಯಿಲ್ಲದ ಡಾಂಪೆರಿಡೋನ್‌ನಿಂದ ಅಂಥ ಫಲ ಸಿಗಲಿಲ್ಲ. ಅದನ್ನು ದೊಡ್ಡ ಡೋಸಿನಲ್ಲಿ ರಕ್ತನಾಳಕ್ಕೆ ಕೊಟ್ಟಾಗ ಕಿಮೋ ರೋಗಿಗಳಲ್ಲಿ ಕೆಲವರ ಹೃದಯವೇ ನಿಂತು, 1980ರ ದಶಕದ ಮಧ್ಯದಲ್ಲಿ ಆ ಇಂಜೆಕ್ಷನ್ನನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಡೋಸ್ ಏರಿಸುವ ಒಂದೇ ಉಪಾಯ ಒಂದು ಔಷಧಿಯಲ್ಲಿ ಹೊಸ ದಾರಿ ತೋರಿಸಿತು, ಇನ್ನೊಂದರಲ್ಲಿ ಜೀವ ತೆಗೆಯಿತು. ಹಾಗಾದರೆ ಮೆಟೊಕ್ಲೊಪ್ರಮೈಡ್ ದೊಡ್ಡ ಡೋಸಿನಲ್ಲಿ ಡೋಪಮಿನ್ ಅಲ್ಲದ ಬೇರೆ ಯಾವುದೋ ಬಾಗಿಲನ್ನು ಮುಚ್ಚುತ್ತಿರಬೇಕು. ಯಾವುದು ಅದು?

ಸುಳಿವು ಮೊದಲೇ ಮುದ್ರಣವಾಗಿ ಬಿದ್ದಿತ್ತು. ಕ್ಯಾನ್ಸರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲದ್ದರಿಂದ ಕ್ಯಾನ್ಸರ್ ವೈದ್ಯರ ಕಣ್ಣಿಗೆ ಬಿದ್ದಿರಲಿಲ್ಲ. 1957ರಲ್ಲಿ ಜಾನ್ ಗ್ಯಾಡಂ ಮತ್ತು ಪಿಕರೆಲ್ಲಿ, ಗಿನಿಯಿಲಿಯ ಕರುಳಿನ ತುಂಡನ್ನು ದ್ರವದಲ್ಲಿ ತೂಗುಹಾಕಿ ಪರೀಕ್ಷಿಸುತ್ತಾ, ಸೆರೊಟೊನಿನ್ ಎಂಬ ರಾಸಾಯನಿಕಕ್ಕೆ ಒಂದಲ್ಲ, ಎರಡು ಬಗೆಯ ಗ್ರಾಹಕಗಳು, ಅಂದರೆ ಬಾಗಿಲುಗಳು, ಇವೆ ಎಂದು ತೋರಿಸಿದ್ದರು. ಅದರಲ್ಲೊಂದಕ್ಕೆ ಎಂ ಎಂದು ಹೆಸರಿಟ್ಟರು. ಇಪ್ಪತ್ತು ವರ್ಷದ ಮೇಲೆ, 1978ರಲ್ಲಿ, ಜಾನ್ ಫೊಜಾರ್ಡ್ ಮೊಲದ ಹೃದಯದ ಮೇಲೆ ಪ್ರಯೋಗ ಮಾಡುತ್ತಾ ಮೆಟೊಕ್ಲೊಪ್ರಮೈಡ್ ಈ ಎಂ ಗ್ರಾಹಕವನ್ನು ತಡೆಯುತ್ತದೆ, ಆದರೆ ದುರ್ಬಲವಾಗಿ ಎಂದು ಕಂಡುಕೊಂಡರು. ದುರ್ಬಲವಾಗಿ ಎಂಬುದೇ ಇಲ್ಲಿ ಮುಖ್ಯ. ದೊಡ್ಡ ಡೋಸ್ ಬೇಕಾಗುತ್ತಿದ್ದುದು ಅದಕ್ಕೇ! ಫೊಜಾರ್ಡ್ ಆಮೇಲೆ ಆ ಒಂದು ಗ್ರಾಹಕವನ್ನಷ್ಟೇ ಗುರಿ ಹಿಡಿದು ತಡೆಯುವ ಎಂಡಿಎಲ್ 72222 ಎಂಬ ವಸ್ತುವನ್ನು ಬಳಕೆಗೆ ತಂದರು. ಅವರಿಗೆ ಅದರಿಂದ ಬೇಕಿದ್ದುದು ಅರೆತಲೆನೋವಿಗೆ ಮದ್ದು. ವಾಂತಿ ಯಾರ ತಲೆಯಲ್ಲೂ ಇರಲಿಲ್ಲ.

ಇತ್ತ ಇಂಗ್ಲೆಂಡಿನ ಹಾರ್ಲೊ ಪಟ್ಟಣದ ಬೀಚಮ್ ಕಂಪನಿಯಲ್ಲಿ ಗ್ಯಾರೆತ್ ಸ್ಯಾಂಗರ್ ಮತ್ತು ವೆಸ್ಲಿ ಮೈನರ್ ಹೊಟ್ಟೆಯ ಚಲನೆಯನ್ನು ಚುರುಕುಗೊಳಿಸುವ ಔಷಧಿಗಳ ಮೇಲೆ ಕೆಲಸ ಮಾಡುತ್ತಿದ್ದರು. ಅವರಿಗೂ ಮೆಟೊಕ್ಲೊಪ್ರಮೈಡ್ ಪರಿಚಿತ, ಅವರಿಗೂ ಅದೇ ಪ್ರಶ್ನೆ. ಉತ್ತರ ನೋಡಲು ವಾಂತಿ ಮಾಡಬಲ್ಲ ಪ್ರಾಣಿ ಬೇಕಿತ್ತು. ಸಿಕ್ಕಿದ್ದು ಫೆರೆಟ್: ನೋಡಲು ನಮ್ಮ ಮುಂಗುಸಿಯ ಹಾಗೆ ಉದ್ದ ಮೈಯ, ಗಿಡ್ಡ ಕಾಲಿನ, ಯುರೋಪಿನವರು ಮೊಲದ ಬೇಟೆಗೆ ಸಾಕುತ್ತಿದ್ದ ಪ್ರಾಣಿ. ಸಿಸ್‌ಪ್ಲಾಟಿನ್ ಕೊಟ್ಟ ಒಂದೆರಡು ಗಂಟೆಯಲ್ಲಿ ಫೆರೆಟ್ ತುಟಿ ನೆಕ್ಕತೊಡಗುತ್ತದೆ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತದೆ, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ, ಆಮೇಲೆ ಹೊಟ್ಟೆ ಒಳಕ್ಕೆಳೆದುಕೊಂಡು ಓಕರಿಸುತ್ತದೆ. ಪಕ್ಕದಲ್ಲಿ ಕೂತವರು ಒಂದೊಂದನ್ನೂ ಎಣಿಸಿ ಬರೆದುಕೊಳ್ಳಬೇಕು. ಓದಲೂ ಹಿತವಲ್ಲದ ಕೆಲಸ. ಆ ಮೂಕಪ್ರಾಣಿಯ ಋಣ ನಮ್ಮ ಮೇಲಿದೆ ಎಂಬುದನ್ನು ಮುಚ್ಚಿಟ್ಟು ಈ ಕತೆ ಹೇಳಲಾಗದು.

ಎಂಡಿಎಲ್ 72222 ಕೊಟ್ಟ ಫೆರೆಟ್‌ಗಳಲ್ಲಿ ಸಿಸ್‌ಪ್ಲಾಟಿನ್ ವಾಂತಿ ತಡೆಯಲ್ಪಟ್ಟಿತು. ಡೋಪಮಿನ್ ಗೊಡವೆಗೇ ಹೋಗದ ಮದ್ದು ಅದು! 1986ರಲ್ಲಿ ಸ್ಯಾಂಗರ್ ಮತ್ತು ಮೈನರ್ ಇದನ್ನು ಪ್ರಕಟಿಸಿದರು. ಅದೇ ವರ್ಷ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಬ್ರೆಂಡಾ ಕೋಸ್ಟಾಲ್ ಮತ್ತು ರಾಬರ್ಟ್ ನೇಯ್ಲರ್ ಬಳಗವೂ ಇಂಥದ್ದೇ ಫಲಿತಾಂಶ ಹೊರತಂದಿತು. ಎಂ ಗ್ರಾಹಕಕ್ಕೆ 5-ಎಚ್‌ಟಿ3 ಎಂಬ ಈಗಿನ ಹೆಸರು ಬಂದದ್ದೂ ಅದೇ ವರ್ಷ. ವೇರ್ ಎಂಬ ಊರಿನ ಗ್ಲಾಕ್ಸೊ ಪ್ರಯೋಗಾಲಯದಲ್ಲಿ ಜಿಆರ್ 38032ಎಫ್ ಎಂಬ ಅಂಕಿತ ಹೊತ್ತ ಒಂದು ವಸ್ತು ಆಗಲೇ ಸಿದ್ಧವಿತ್ತು. ಅದೇ ಮುಂದೆ ಆಂಡಾನ್ಸೆಟ್ರಾನ್ ಆಯಿತು. ಬೀಚಮ್‌ನವರದು ಗ್ರಾನಿಸೆಟ್ರಾನ್.

ಈ ಕತೆಯಲ್ಲಿ ನನಗೆ ಅತಿ ಇಷ್ಟವಾದದ್ದು ಮುಂದಿನ ಭಾಗ, ಏಕೆಂದರೆ ಇಲ್ಲಿ ಹಳೆಯ ನಂಬಿಕೆಯೊಂದು ತಲೆಕೆಳಗಾಗುತ್ತದೆ. ಸಿಸ್‌ಪ್ಲಾಟಿನ್ ಮಿದುಳಿಗೆ ಹೋಗಿ ವಾಂತಿ ಎಬ್ಬಿಸುತ್ತದೆ ಎಂದಲ್ಲವೇ ಎಲ್ಲರೂ ತಿಳಿದಿದ್ದುದು? ಪಾಲ್ ಆಂಡ್ರೂಸ್ ಮತ್ತು ಜ್ಯಾನ್ ಹಾಥಾರ್ನ್ ಫೆರೆಟ್‌ಗಳಲ್ಲಿ ಹೊಟ್ಟೆಯಿಂದ ಮಿದುಳಿಗೆ ಹೋಗುವ ನರಗಳನ್ನು ಕತ್ತರಿಸಿ ನೋಡುತ್ತಿದ್ದರು. ನರ ಕತ್ತರಿಸಿದರೆ ಸಿಸ್‌ಪ್ಲಾಟಿನ್‌ನ ಕೈ ಬಹಳಮಟ್ಟಿಗೆ ಕಟ್ಟಿಹೋಗುತ್ತಿತ್ತು. ಅಂದರೆ ಗಲಾಟೆ ಶುರುವಾಗುವುದು ಕರುಳಿನಲ್ಲಿ. ದೇಹದ ಸೆರೊಟೊನಿನ್‌ನಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ಇರುವುದು ಕರುಳಿನ ಒಳಪದರದಲ್ಲೇ. ಸಿಸ್‌ಪ್ಲಾಟಿನ್ ತಾಗಿದೊಡನೆ ಅಲ್ಲಿನ ಕೋಶಗಳು ಸೆರೊಟೊನಿನ್ ಕಾರಿಬಿಡುತ್ತವೆ, ಅದು ಪಕ್ಕದ ವೇಗಸ್ ನರದ ತುದಿಯಲ್ಲಿರುವ 5-ಎಚ್‌ಟಿ3 ಬಾಗಿಲನ್ನು ತೆರೆಯುತ್ತದೆ, ಸುದ್ದಿ ಮಿದುಳಿಗೆ ಮುಟ್ಟುತ್ತದೆ. 1990ರಲ್ಲಿ ಲೂಯಿಜಿ ಕುಬೆಡು ಮತ್ತು ಸಂಗಡಿಗರು ಇದನ್ನು ಮನುಷ್ಯರಲ್ಲಿ ತೋರಿಸಿಕೊಟ್ಟರು. ಸಿಸ್‌ಪ್ಲಾಟಿನ್ ಕೊಟ್ಟ ನಂತರ ಸೆರೊಟೊನಿನ್ ಒಡೆದು ಆಗುವ ವಸ್ತು ರೋಗಿಗಳ ಮೂತ್ರದಲ್ಲಿ ಏರುತ್ತಿತ್ತು, ವಾಂತಿಯೂ ಅದೇ ಹೊತ್ತಿಗೆ ಬರುತ್ತಿತ್ತು. ಆಂಡಾನ್ಸೆಟ್ರಾನ್ ಕೊಟ್ಟವರಲ್ಲಿ ಸೆರೊಟೊನಿನ್ ಏರಿದರೂ ವಾಂತಿ ತಗ್ಗಿತು. 1991ರ ಜನವರಿಯಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು.

ವಾಂತಿ ಬರುವ ಮೊದಲೇ ಈ ಮದ್ದನ್ನು ಕೊಡುವುದೇಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಸೆರೊಟೊನಿನ್ ಹೊರಬೀಳುವ ಮುನ್ನ ಬಾಗಿಲು ಮುಚ್ಚಿರಬೇಕು. "ಈಗೇನೂ ಆಗ್ತಿಲ್ಲವಲ್ಲ, ಸುಮ್ಮನೆ ಯಾಕೆ ಗುಳಿಗೆ, ವಾಂತಿ ಬಂದಾಗ ತಗೊಂಡ್ರಾಯ್ತು" ಎನ್ನುವವರು ಪ್ರತಿ ಕಿಮೋ ವಾರ್ಡಿನಲ್ಲೂ ಇರುತ್ತಾರೆ. ಉಳಿತಾಯದ ಬುದ್ಧಿ ಬೇರೆಲ್ಲ ಕಡೆ ಒಳ್ಳೆಯದೇ, ಇಲ್ಲಿ ಅಲ್ಲ.

ಆಂಡಾನ್ಸೆಟ್ರಾನ್ ಬಂದಮೇಲೆ ಮೊದಲ ದಿನ ಗೆದ್ದಂತಾಯಿತು. ಆದರೆ ಮನೆಗೆ ಹೋದವರು ಎರಡನೆಯ, ಮೂರನೆಯ ದಿನ ಮತ್ತೆ ಬಕೆಟ್ ಹಿಡಿದು ಕೂರುತ್ತಿದ್ದರು. ತಡವಾಗಿ ಬರುವ ಆ ವಾಂತಿಗೆ ಸೆರೊಟೊನಿನ್‌ಗಿಂತ ಹೆಚ್ಚಾಗಿ ಸಬ್‌ಸ್ಟೆನ್ಸ್ ಪಿ ಎಂಬ ಬೇರೊಂದು ರಾಸಾಯನಿಕ ಕಾರಣ, ಮತ್ತು ಅದರ ಕೆಲಸ ನಡೆಯುವುದು ಮಿದುಳಿನಲ್ಲೇ. ತಮಾಷೆಯೆಂದರೆ 1931ರಲ್ಲಿ ಇದನ್ನು ಮೊದಲು ಕಂಡವರು ಉಲ್ಫ್ ಫಾನ್ ಆಯ್ಲರ್ ಜೊತೆ ಅದೇ ಗ್ಯಾಡಂ. ಎರಡೂ ಬಾಗಿಲಿನ ಬಳಿ ಅವರು ದಶಕಗಳ ಮೊದಲೇ ನಿಂತಿದ್ದರು, ವಾಂತಿಯ ಯೋಚನೆ ಒಮ್ಮೆಯೂ ಇಲ್ಲದೆ! ಸಬ್‌ಸ್ಟೆನ್ಸ್ ಪಿಯನ್ನು ತಡೆಯುವ ಅಪ್ರೆಪಿಟೆಂಟ್ ಕ್ಯಾಪ್ಸೂಲ್‌ಗೆ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಆಂಡಾನ್ಸೆಟ್ರಾನ್ ಜೊತೆಗೆ ಮೊದಲೇ ಸೇರಿತ್ತು. 2016ರಲ್ಲಿ ರುಡಾಲ್ಫ್ ನವಾರಿ ನಡೆಸಿದ ದೊಡ್ಡ ಪರೀಕ್ಷೆಯ ನಂತರ ಓಲಾಂಜಪಿನ್ ನಾಲ್ಕನೆಯದಾಗಿ ಬಂತು. ವಾಂತಿ ನಿಂತರೂ ಬಿಡದ ಹೊಟ್ಟೆ ತೊಳಸುವಿಕೆಗೆ ಇದು ಒಳ್ಳೆಯ ಮದ್ದು. ಮೂಲತಃ ಇದು ಮನೋರೋಗದ ಔಷಧಿ. ಅಂತರ್ಜಾಲದಲ್ಲಿ ಹೆಸರು ಹುಡುಕಿ, "ನನಗೇನು ತಲೆ ಕೆಟ್ಟಿದೆಯಾ" ಎಂದು ಗಾಬರಿಯಾಗಿ ಗುಳಿಗೆಯನ್ನು ಎಸೆಯಬೇಡಿ. ನಿದ್ದೆ ಬರಿಸುತ್ತದೆ, ಹಾಗಾಗಿ ರಾತ್ರಿ ತೆಗೆದುಕೊಳ್ಳುವುದು, ಮರುದಿನ ಗಾಡಿ ಓಡಿಸದಿರುವುದು ಒಳ್ಳೆಯದು. ಸಾಮಾನ್ಯ ಡೋಸಾದ 10 ಮಿಲಿಗ್ರಾಂ ಬದಲು ಬರೀ 2.5 ಸಾಕೆಂದೂ, ಅದರಿಂದ ಮಂಪರು ಕಡಿಮೆಯೆಂದೂ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು 2024ರಲ್ಲಿ ತೋರಿಸಿದ್ದಾರೆ.

ಡೋಸ್ ಏರಿಸಿದ್ದರಿಂದಲೇ ಹುಟ್ಟಿದ ಈ ಆವಿಷ್ಕಾರದಲ್ಲಿ ಕೊನೆಗೆ ತಿರುಗಿ ಕಚ್ಚಿದ್ದೂ ಡೋಸೇ. ಒಂದೇ ಸಲಕ್ಕೆ 32 ಮಿಲಿಗ್ರಾಂ ಆಂಡಾನ್ಸೆಟ್ರಾನ್ ಅನ್ನು ರಕ್ತನಾಳಕ್ಕೆ ಕೊಡುವುದು ಬಹುಕಾಲ ನಡೆದಿತ್ತು. ಅಷ್ಟು ದೊಡ್ಡ ಡೋಸ್ ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲದು, ಇಸಿಜಿಯಲ್ಲಿ ಕ್ಯೂಟಿ ಎಂದು ಗುರುತಿಸುವ ಅಂತರ ಹಿಗ್ಗುತ್ತದೆ ಎಂದು ತಿಳಿದು 2012ರಲ್ಲಿ ಎಫ್‌ಡಿಎ ಅದನ್ನು ಕೈಬಿಡಿಸಿತು. ಈಗ ರಕ್ತನಾಳಕ್ಕೆ ಒಮ್ಮೆಗೆ 16 ಮಿಲಿಗ್ರಾಂ ಮೀರುವಂತಿಲ್ಲ. ಎಪ್ಪತ್ತೈದು ದಾಟಿದವರಿಗೆ ಮೊದಲ ಡೋಸ್ 8 ಮೀರಬಾರದೆಂದು ಬ್ರಿಟನ್ ಹೇಳಿದೆ. ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಹೆಚ್ಚುವರಿ ಮದ್ದಿಗೆ ಮಾಡಲು ಕೆಲಸವೂ ಇರುವುದಿಲ್ಲ.

ಇದರಲ್ಲೊಂದು ಸೂಕ್ಷ್ಮವಿದೆ. ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದಿದ್ದರೆ ಹೃದಯಕ್ಕೆ ಈ ಅಪಾಯ ಹೆಚ್ಚು. ಸಿಸ್‌ಪ್ಲಾಟಿನ್ ಮೂತ್ರಪಿಂಡದ ಮೂಲಕ ಮೆಗ್ನೀಸಿಯಂ ಸೋರಿಸುತ್ತದೆ, ವಾಂತಿ ಭೇದಿಗಳು ಪೊಟ್ಯಾಸಿಯಂ ಇಳಿಸುತ್ತವೆ. ಅಂದರೆ ಯಾರಿಗೆ ಈ ಮದ್ದು ಹೆಚ್ಚು ಬೇಕೋ ಅವರ ರಕ್ತವೇ ಈ ವಿಷಯದಲ್ಲಿ ಹದ ತಪ್ಪಿರುವ ಸಾಧ್ಯತೆ ಜಾಸ್ತಿ. ಪ್ರತಿ ಸುತ್ತಿನ ಮೊದಲು ರಕ್ತ ಪರೀಕ್ಷೆ ಬರೆದುಕೊಟ್ಟಾಗ ದುಡ್ಡು ಕೀಳುವುದಕ್ಕೆ ಎಂದು ಗೊಣಗುವ ಮೊದಲು ಇದನ್ನು ನೆನೆಯಿರಿ. ಮಲಬದ್ಧತೆ, ತಲೆನೋವು ಆಂಡಾನ್ಸೆಟ್ರಾನ್‌ನ ಸಾಮಾನ್ಯ ತೊಂದರೆಗಳು. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದಿದ್ದರೆ ಮಾತ್ರ ಬರೀ ಮಲಬದ್ಧತೆ ಎಂದು ಕೂರಬಾರದು. ಕರುಳು ಕಟ್ಟಿಕೊಂಡದ್ದನ್ನು ಈ ಮದ್ದು ಮರೆಮಾಚಬಲ್ಲದು.

ಹಳೆಯ ಮೆಟೊಕ್ಲೊಪ್ರಮೈಡ್ ಇಂದಿಗೂ ಬಳಕೆಯಲ್ಲಿದೆ, ಸಣ್ಣ ಡೋಸಿನಲ್ಲಿ. ಆದರೆ ಅದರ ಡೋಪಮಿನ್ ತಡೆ ಕೆಲವರಿಗೆ, ಮುಖ್ಯವಾಗಿ ಚಿಕ್ಕ ವಯಸ್ಸಿನವರಿಗೆ, ಬೇರೆ ರೀತಿ ಕಾಡುತ್ತದೆ: ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ದವಡೆ ಹಿಡಿದುಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ನೆಟ್ಟುಬಿಡುತ್ತದೆ. ನೋಡಿದವರು ಫಿಟ್ಸ್ ಎನ್ನುತ್ತಾರೆ, ಗಾಳಿ ಸೋಕಿದೆ ಎನ್ನುವವರೂ ಉಂಟು. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ತಿಂಗಳುಗಟ್ಟಲೆ ತಿಂದರೆ ಬಾಯಿ ನಾಲಿಗೆಗಳು ತಾವಾಗಿ ಆಡುವ, ವಾಸಿಯಾಗದ ತೊಂದರೆ ಬರಬಹುದು. ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಐದು ದಿನದ ಮಿತಿ ಹಾಕಿದ್ದು ಇದಕ್ಕೇ. ಓಲಾಂಜಪಿನ್ ಜೊತೆ ಇದನ್ನು ಸೇರಿಸುವಂತಿಲ್ಲ. ಡಾಂಪೆರಿಡೋನ್ ಇಂಜೆಕ್ಷನ್ ಹೋದರೂ ಅದರ ಗುಳಿಗೆ ನಮ್ಮಲ್ಲಿ ಗ್ಯಾಸ್ಟ್ರಿಕ್ ಮಾತ್ರೆಗಳ ಒಳಗೇ ಅಡಗಿರುತ್ತದೆ, ಪ್ಯಾನ್-ಡಿಯ ಡಿ ಅದೇ. ಅದೂ ಕ್ಯೂಟಿ ಹಿಗ್ಗಿಸುವಂಥದ್ದೇ. "ಗ್ಯಾಸಿಗೆ ತಗೋತೀನಷ್ಟೇ" ಎಂದು ವೈದ್ಯರ ಮುಂದೆ ಹೇಳದೆ ಬಿಡುವ ಮಾತ್ರೆ ಇದೇ ಆಗಿರುತ್ತದೆ.

ನೀವೋ ನಿಮ್ಮವರೋ ಕಿಮೋಗೆ ಹೊರಟಿದ್ದರೆ, ಮನೆಯಲ್ಲಿ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಖಿನ್ನತೆಯ ಮಾತ್ರೆ, ಹೃದಯದ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್ ಇದ್ದರೆ ಬಾಯಿಬಿಟ್ಟು ಹೇಳಿ. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರು ಸಂಕೋಚಪಡಬೇಡಿ. ಅಪ್ರೆಪಿಟೆಂಟ್ ಅದರ ಬಲವನ್ನು ಕುಗ್ಗಿಸುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಡೆಕ್ಸಾಮೆಥಸೋನ್ ಸಕ್ಕರೆ ಏರಿಸುತ್ತದೆ, ಆ ದಿನಗಳಲ್ಲಿ ಏನು ಮಾಡಬೇಕೆಂದು ಮೊದಲೇ ಕೇಳಿಕೊಳ್ಳಿ. ಶುಂಠಿ ಕಷಾಯ ಹಿಡಿಸಿದರೆ ಕುಡಿಯಿರಿ, ಅದನ್ನು ಕುಡಿದೆ ಎಂದು ಗುಳಿಗೆ ಮಾತ್ರ ಬಿಡಬೇಡಿ. ಮನೆಗೆ ಬಂದಮೇಲೂ ಹೇಳಿದಷ್ಟು ದಿನ ಗುಳಿಗೆ ಮುಂದುವರಿಸಿ, ಹಾಗೆಯೇ ಒಂದರಲ್ಲಿ ನಿಲ್ಲಲಿಲ್ಲವೆಂದು ನೀವಾಗಿ ಎರಡು ಮೂರು ನುಂಗಬೇಡಿ. ವಾಂತಿ ಒಂದು ದಿನ ಪೂರ್ತಿ ನಿಲ್ಲದಿದ್ದರೆ, ನೀರೂ ಒಳಗೆ ನಿಲ್ಲದೆ ಮೂತ್ರ ಕಡಿಮೆಯಾದರೆ, ಎದೆ ಡವಗುಟ್ಟಿ ಕಣ್ಣು ಕತ್ತಲೆ ಬಂದರೆ, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆಗಲೇ ಆಸ್ಪತ್ರೆಗೆ ಫೋನ್ ಮಾಡಿ, ರಾತ್ರಿಯಾಗಿದ್ದರೂ ಸರಿ.